ನಿಂತುಕೊಂಡೇ ಕೇಳಿದೆ

ಹನುಮಂತನಗರದ ನಮ್ಮ ಮನೆಯ ಮಹಡಿ ಮೇಲೆ ಒಂದು ರೂಮಿದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ. ಕಟ್ಟುವಾಗ ಮೇಸ್ತ್ರಿ ‘ಮೂರೂ ಕಡೆ ಒಂದೇ ಲೆಕ್ಕ, ಸುಲಭ ಸ್ವಾಮಿ’ ಅಂದಿದ್ದನಂತೆ, ಅಪ್ಪನೂ ತಲೆಯಾಡಿಸಿದ್ದರಂತೆ. ಬಾಡಿಗೆಗೆ ಕೊಡೋಣ ಅಂದರೆ ತೀರಾ ಚಿಕ್ಕದು, ಹಳೇ ಸಾಮಾನು ತುಂಬೋಣ ಅಂದರೆ ನಮ್ಮಲ್ಲಿ ಅಷ್ಟು ಸಾಮಾನಿಲ್ಲ. ಖಾಲಿ ಬಿದ್ದಿದ್ದ ಆ ರೂಮಿಗೆ ಒಂದು ಕಂಪ್ಯೂಟರು, ಒಂದು ಆಡಿಯೊ ಇಂಟರ್‌ಫೇಸು, ಒಂದು ಮೈಕು ಸಾಗಿಸಿ ‘ಸ್ಟುಡಿಯೊ’ ಅನ್ನತೊಡಗಿದೆ. ಅಮ್ಮ ಇವತ್ತಿಗೂ ಅದನ್ನು ಮೇಲಿನ ರೂಮು ಅಂತಲೇ ಅನ್ನುವುದು.

ಹಗಲೆಲ್ಲ ವಿಮಾ ಕಂಪನಿಯೊಂದರಲ್ಲಿ ಕ್ಲೇಮು ಫೈಲು ನೋಡುವ ಕೆಲಸ ನನ್ನದು. ಜನ ಹೇಳಿಕೊಂಡದ್ದು ನಿಜವೋ ಸುಳ್ಳೋ ಎಂದು ತಾಳೆ ಹಾಕುವ ಕೆಲಸ. ಸಂಜೆಯಾದರೆ ಎಲೆಕ್ಟ್ರಿಕ್ ಗಿಟಾರ್. ಈ ಹುಚ್ಚಿಗೆ ತಾರೀಖು ಸಮೇತ ಕಾರಣ ಕೊಡಬಲ್ಲೆ: 2011ರ ಅಕ್ಟೋಬರ್ 30, ಅರಮನೆ ಮೈದಾನ, ಮೆಟಾಲಿಕಾ. ಅವತ್ತು ಆ ಗಿಟಾರ್ ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಬಡಿದಿತ್ತು. ಸಾವಿರಾರು ಜನರ ಮೈದಾನಕ್ಕೆಂದು ಎತ್ತರದ ಸ್ಪೀಕರ್ ಸಾಲುಗಳಿಂದ ಬಂದ ಸದ್ದನ್ನು ಹನುಮಂತನಗರದ ಹತ್ತಡಿ ರೂಮಿನಲ್ಲಿ ಹಿಡಿಯಬಹುದು ಎಂದು ನಂಬಿದ್ದೆನಲ್ಲ, ಬೇರೆ ಯಾರಾದರೂ ಇಂಥ ಕ್ಲೇಮು ತಂದಿದ್ದರೆ ಮೊದಲ ಪುಟದಲ್ಲೇ ತಿರಸ್ಕರಿಸಿರುತ್ತಿದ್ದೆ.

ನನ್ನದು ಸೆಕೆಂಡ್ ಹ್ಯಾಂಡ್ ವಾಲ್ವ್ ಆಂಪ್. ಹದಿನೈದು ವ್ಯಾಟ್, ಹನ್ನೆರಡು ಇಂಚಿನ ಒಂದು ಸ್ಪೀಕರ್. ಹಳೇ ವಾಲ್ವ್ ರೇಡಿಯೊ ನೋಡಿದವರಿಗೆ ಒಳಗಿನ ಕೆಂಡದ ಬಣ್ಣ ಗೊತ್ತು, ಅದೇ. ಈ ಆಂಪ್‌ಗಳ ಗುಟ್ಟೇನೆಂದರೆ, ವಾಲ್ಯೂಮ್ ಒಂದು ಮಟ್ಟ ದಾಟಿದ ಮೇಲೆ ವಾಲ್ವ್‌ಗಳು ಸುಸ್ತಾಗಿ ಸದ್ದನ್ನು ಚೂರು ಒಡೆಯುತ್ತವೆ. ಆ ಒಡಕೇ ರಾಕ್ ಗಿಟಾರಿನ ರುಚಿ. ಆದರೆ ಆ ಮಟ್ಟಕ್ಕೆ ಹೋಗುವಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲಿಗೆ ಬಂದಿರುತ್ತಾರೆ. ಇಷ್ಟಾದರೂ ನನಗೆ ಹದಿನೈದು ವ್ಯಾಟ್ ಸಾಲದು ಎಂಬ ಕೊರಗು. ನೂರು ವ್ಯಾಟಿನದು ಇದ್ದಿದ್ದರೆ! ಲೆಕ್ಕ ಹಾಕಿದರೆ ಹದಿನೈದಕ್ಕೂ ನೂರಕ್ಕೂ ಇರುವ ಅಂತರ ಎಂಟು ಡೆಸಿಬಲ್, ಕಿವಿಗೆ ಪೂರ್ತಿ ದುಪ್ಪಟ್ಟು ಅನಿಸುವುದಕ್ಕೂ ಅದು ಸಾಲದು. ಎರಿಕ್ ಕ್ಲಾಪ್ಟನ್ 1970ರಲ್ಲಿ ಮಯಾಮಿಯಲ್ಲಿ ‘ಲೈಲಾ’ ಆಲ್ಬಮ್ ಮುದ್ರಿಸಿದ್ದು ಫೆಂಡರ್ ಚಾಂಪ್ ಎಂಬ ಅಂಗೈಯಗಲದ ಆಂಪ್‌ನಲ್ಲಿ. ಜಿಮ್ಮಿ ಪೇಜ್ ಲೆಡ್ ಜೆಪ್ಪೆಲಿನ್‌ನ 1969ರ ಮೊದಲ ಆಲ್ಬಮ್‌ಗೆ ನೆಚ್ಚಿದ್ದು ಒಂದು ಸಣ್ಣ ಸುಪ್ರೊ. ಇದನ್ನೆಲ್ಲ ನಾನು ಆಗಲೇ ಓದಿದ್ದೆ. ಓದಿದ್ದಕ್ಕೂ ಬುದ್ಧಿ ಬರುವುದಕ್ಕೂ ಏನು ಸಂಬಂಧ?

ಹೀಗಿರುವಾಗ ಗೆಳೆಯನ ಫೋನು ಬಂತು. ಕಾಲೇಜಿನಿಂದಲೂ ಜೊತೆಗಿದ್ದವನು, ತತ್ವಪದಗಳನ್ನು ಬ್ಯಾಂಡ್ ಜೊತೆ ಹಾಡುತ್ತಾನೆ. ‘ಒಂದು ಹಾಡಿಗೆ ಗಿಟಾರ್ ಬೇಕು ಗುರು. ಹಿಂದೆ ಸ್ವಲ್ಪ ರಿದಂ, ಮಧ್ಯೆ ಒಂದು ಚಿಕ್ಕ ಪೀಸು. ಮನೇಲೇ ರೆಕಾರ್ಡ್ ಮಾಡಿ ಕಳಿಸ್ಬಿಡು, ಸಂಕ್ರಾಂತಿ ಹೊತ್ತಿಗೆ ಸಿಕ್ರೆ ಸಾಕು’ ಅಂದ. ಆಗ ಡಿಸೆಂಬರ್ ಮೊದಲ ವಾರ. ನುಡಿಸಬೇಕಾದ್ದು ಅಷ್ಟೇನೂ ಕಷ್ಟದ್ದಲ್ಲ, ಒಂದು ಸಂಜೆಯ ಕೆಲಸ. ಆದರೆ ನಾನು ನುಡಿಸುವ ವಿಚಾರವನ್ನೇ ಯೋಚಿಸಲಿಲ್ಲ. ಮೊದಲು ‘ಟೋನ್’ ಸರಿಯಾಗಲಿ ಅಂದುಕೊಂಡೆ.

ಮೊದಲ ರೆಕಾರ್ಡಿಂಗಿನಲ್ಲಿ ಐದನೇ ತಂತಿಯನ್ನು ಬೆರಳೊತ್ತದೆ ಮೀಟಿದಾಗಲೆಲ್ಲ ರೂಮು ಗುಂ ಅನ್ನುತ್ತಿತ್ತು. ಉಳಿದ ಸ್ವರಗಳಿಗೆ ಸುಮ್ಮನಿರುತ್ತಿತ್ತು. ಇದು ಮೇಸ್ತ್ರಿಯ ಸುಲಭ ಲೆಕ್ಕದ ಫಲ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸದ್ದು ಅಡಗದೆ ನಿಂತು ಮೊಳಗುತ್ತದೆ, ಅದರ ದುಪ್ಪಟ್ಟು 113ರ ಆಸುಪಾಸಿನಲ್ಲಿ ಮತ್ತೊಮ್ಮೆ ನಿಲ್ಲುತ್ತದೆ. ಉದ್ದ ಅಗಲ ಎತ್ತರ ಬೇರೆಬೇರೆ ಇದ್ದರೆ ಈ ಉಪಟಳ ಹಂಚಿಹೋಗುತ್ತದೆ. ಮೂರೂ ಒಂದೇ ಆದಾಗ ಮೂರೂ ಸೇರಿ ಒಂದೇ ಜಾಗದಲ್ಲಿ ಕೂರುತ್ತವೆ. ಗಿಟಾರಿನ ಐದನೇ ತಂತಿ 110 ಹರ್ಟ್ಸ್. ಸರಿಯಾಗಿ ಗುಂಡಿಯ ಅಂಚಿಗೇ ಹೋಗಿ ಬೀಳುತ್ತಿತ್ತು.

ಇದು ತಿಳಿಯದ ನಾನು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದೆ. ನಮ್ಮದು ಮೊಟ್ಟೆ ಕಾಣದ ಮನೆ. ಅಂಗಡಿಯಿಂದ ಕಟ್ಟುಗಟ್ಟಲೆ ರಟ್ಟಿನ ಟ್ರೇ ಹೊತ್ತು ತಂದಾಗ ಅಮ್ಮ ಗೇಟಿನ ಹತ್ತಿರವೇ ತಡೆದಳು. ‘ಮೊಟ್ಟೆ ಇಲ್ಲಮ್ಮ, ಟ್ರೇ ಅಷ್ಟೆ’ ಅಂದೆ. ‘ಅದಕ್ಕೆ ಗೊತ್ತಾ?’ ಅಂದಳು. ಯಾವುದಕ್ಕೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಹಿಂದಿನ ಮೆಟ್ಟಿಲಿನಿಂದ, ದೇವರ ಮನೆ ಕಾಣದ ದಾರಿಯಲ್ಲಿ ಮೇಲೆ ಸಾಗಿಸಲು ಒಪ್ಪಂದವಾಯಿತು. ಅಂಟಿಸಿದ್ದಾಯಿತು, ಜಿರಲೆ ಬಂದದ್ದೂ ಆಯಿತು. ಗುಂ ಮಾತ್ರ ಕಡಿಮೆಯಾಗಲಿಲ್ಲ, ಜಾಸ್ತಿ ಆದಂತೆ ಕೇಳಿಸಿತು. ಏಕೆಂದರೆ ತೆಳು ರಟ್ಟು ಮೇಲಿನ ಸಣ್ಣ ಸದ್ದುಗಳನ್ನಷ್ಟೇ ಹೀರುತ್ತದೆ, ಬಾಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊರಗೆ ಹೋಗುವ ಸದ್ದನ್ನಂತೂ ಅದು ತಡೆಯುವುದೇ ಇಲ್ಲ. ಪಕ್ಕದ ಮನೆಯವರು ಇದನ್ನು ಖಾತರಿ ಮಾಡಿದರು.

ರೂಮು ಮಂಕಾಯಿತಲ್ಲ, ಅದಕ್ಕೆ ಆಂಪ್‌ನ ಟ್ರೆಬಲ್ ಏರಿಸಿದೆ. ಮೈದಾನದ ಗುಡುಗು ಬೇಕಲ್ಲ, ಅದಕ್ಕೆ ಬಾಸೂ ಏರಿಸಿದೆ. ನಡುವಿನ ಮಿಡ್ ಎಂಬ ನಾಬನ್ನು ಸೊನ್ನೆಗೆ ತಿರುಗಿಸಿದೆ. ಎದ್ದುನಿಂತು ಒಂದು ಕಾರ್ಡ್ ಹೊಡೆದರೆ, ಆಹಾ! ನಾನು ಹುಡುಕುತ್ತಿದ್ದದ್ದು ಇದನ್ನೇ ಅನಿಸಿತು. ಮೈಕು ಹಾಕಿ ರೆಕಾರ್ಡ್ ಮಾಡಿ ಕೇಳಿದರೆ ಡಬ್ಬಿಯಲ್ಲಿ ಹಾಕಿಟ್ಟ ಜೀರುಂಡೆ.

ತಪ್ಪು ಮೈಕಿನದು ಅಂದುಕೊಂಡೆ. ನನ್ನದು ಶೂರ್ ಎಸ್‌ಎಂ57, 1965ರಿಂದ ಬಹುಶಃ ಮಿಕ್ಕ ಯಾವ ಮೈಕಿಗಿಂತಲೂ ಹೆಚ್ಚು ಗಿಟಾರ್ ಆಂಪ್‌ಗಳ ಮುಂದೆ ನಿಂತ ಮೈಕು. ಜಗತ್ತಿಗೆಲ್ಲ ಸರಿಯಾದ ಅದು ನನ್ನ ಮುಂದೆ ಮಾತ್ರ ಕೆಟ್ಟಿತೇ ಎಂಬ ಪ್ರಶ್ನೆ ಏಳಬೇಕಿತ್ತು. ಏಳಲಿಲ್ಲ. ಎಸ್‌.ಪಿ. ರೋಡಿಗೆ ಹೋಗಿ ಕೇಬಲ್ ತಂದೆ, ಜ್ಯಾಕ್ ಬದಲಿಸಿದೆ. ಸಾಲ ಮಾಡಿ ಇನ್ನೊಂದು ಮೈಕು ತಂದು ಒಂದಡಿ ಹಿಂದೆ ನಿಲ್ಲಿಸಿದೆ. ಎರಡೂ ಸೇರಿದರೆ ಸದ್ದು ದಪ್ಪಗಾಗುತ್ತದೆ ಎಂದು ನನ್ನ ಎಣಿಕೆ, ಆದದ್ದು ಪೊಳ್ಳು. ಒಂದಡಿ ದಾಟಲು ಸದ್ದಿಗೆ ಒಂದು ಮಿಲಿಸೆಕೆಂಡಿಗಿಂತ ಕೊಂಚ ಕಡಿಮೆ ಹೊತ್ತು ಬೇಕು. ಆ ತಡದಿಂದಾಗಿ 560 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಮೈಕಿನ ಏರು ಇನ್ನೊಂದರ ಇಳಿತಕ್ಕೆ ಸರಿಯಾಗಿ ಸಿಕ್ಕಿ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಗಿಟಾರಿನ ಜೀವ ಇರುವುದೇ ಆ ಜಾಗದಲ್ಲಿ. ಮಿಡ್ ಅನ್ನು ಮೊದಲೇ ಸೊನ್ನೆ ಮಾಡಿದ್ದೆ, ಅಳಿದುಳಿದದ್ದನ್ನು ಎರಡನೇ ಮೈಕು ಮುಗಿಸಿತು.

ಡಿಸೆಂಬರ್ ಅಂದರೆ ಬೆಂಗಳೂರಿನಲ್ಲಿ ಅವರೆಕಾಯಿ. ನಮ್ಮ ತಾರಸಿಯಲ್ಲಿ ಬೆಳಗಿನ ಬಿಸಿಲು ಬೀಳುವುದು ಮೇಲಿನ ರೂಮಿನ ಬಾಗಿಲಿಗೇ. ಅಮ್ಮ ಮೊರ ತಂದು ಹೊಸ್ತಿಲ ಪಕ್ಕ ಚಾಪೆ ಹಾಸಿ, ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಾ ಕೂರುವಳು. ಒಳಗೆ ನಾನು ನಿಂತು ನುಡಿಸುತ್ತಿರುವೆ. ಒಂದು ಭಾನುವಾರ, ‘ಜೋರಾಯ್ತು ಅಂತಲ್ಲ ಕಣೋ, ಅದೇನೋ ಚುರ್ ಅಂತ ಸೂಜಿ ಥರ ಒಳಗೆ ಹೋಗತ್ತಲ್ಲ, ಅದು ಇರಲೇಬೇಕಾ?’ ಅಂದಳು. ‘ರಾಕ್ ಅಂದ್ರೆ ಹಾಗೇ ಇರತ್ತಮ್ಮ’ ಅಂದೆ. ಅವಳು ಹದಿನಾರನೇ ವಯಸ್ಸಿನಿಂದ ತಂಬೂರಿ ಹಿಡಿದು ದೇವರನಾಮ ಹಾಡಿದವಳು. ನನಗೆ ಆ ಹೊತ್ತಿನಲ್ಲಿ ಅವಳು ಅವರೆಕಾಯಿ ಸುಲಿಯುವ ಅಮ್ಮ ಮಾತ್ರ. ಮುಂದಿನ ವಾರದಿಂದ ಅವಳು ಮೊರ ತೆಗೆದುಕೊಂಡು ಕೆಳಗೆ ಹೋದಳು, ಬಿಸಿಲು ಬಿಟ್ಟು.

ಸಂಕ್ರಾಂತಿ ಹೋಯಿತು. ಶಿವರಾತ್ರಿ ಹೋಯಿತು. ಗೆಳೆಯ ಫೋನ್ ಮಾಡಿದಾಗಲೆಲ್ಲ ‘ಬರ್ತಿದೆ, ಟೋನ್ ಹತ್ರ ಬಂದಿದೀನಿ’ ಅನ್ನುತ್ತಿದ್ದೆ.

ಬೇಸಿಗೆಯಲ್ಲಿ ಹೊಸ ರಾಮಾಯಣ. ಆಂಪ್ ಹಾಕಿದೊಡನೆ ಗುಂಯ್ ಎಂಬ ಎಡೆಬಿಡದ ಸದ್ದು, ತಂತಿ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುವುದು. ನಮ್ಮ ಕರೆಂಟು 50 ಹರ್ಟ್ಸ್, ಅದೂ ಅದರ ದುಪ್ಪಟ್ಟು ನೂರೂ ಗಿಟಾರಿನ ಕೆಳಸ್ವರಗಳ ನೆರೆಯಲ್ಲೇ ವಾಸ. ಗಿಟಾರ್ ಬಿಚ್ಚಿ ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿದೆ. ಪಿಕಪ್ ಬದಲಿಸಲು ಹೊರಟಿದ್ದೆ. ಅಷ್ಟರಲ್ಲಿ ಗೀಸರ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಟೆಸ್ಟರ್ ಹಿಡಿದು ಮೇಲಿನ ರೂಮಿನ ಪ್ಲಗ್ ನೋಡಿದ, ಕೆಳಗಿಳಿದು ಸಂಪಿನ ಪಕ್ಕದ ಚಪ್ಪಡಿ ಎತ್ತಿದ. ಅರ್ತಿಂಗ್ ಗುಂಡಿ. ಕೋಲಿನಿಂದ ಕೆದಕಿದರೆ ಮಣ್ಣು ಪುಡಿಪುಡಿ. ‘ಇದಕ್ಕೆ ನೀರು ಹಾಕಿ ಯಾವ ಕಾಲ ಆಯ್ತು ಸಾರ್?’ ಅಂದ. ಉಪ್ಪು, ಇದ್ದಿಲು ಹಾಕಿಸಿ ನಾಲ್ಕು ಕೊಡ ನೀರು ಸುರಿಸಿದ. ಮಣ್ಣು ಗುಳುಗುಳು ಕುಡಿಯಿತು. ಮೇಲೆ ಹೋಗಿ ಆಂಪ್ ಹಾಕಿದರೆ ಜುಮ್ಮೆನ್ನುವುದು ನಿಂತಿತ್ತು, ಗುಂಯ್ ಮುಕ್ಕಾಲು ಪಾಲು ಇಳಿದಿತ್ತು. ಇಷ್ಟು ಹೊತ್ತು ನನ್ನ ಹಾಡಿಗೆ ಅಡ್ಡವಾಗಿದ್ದದ್ದು ಒಣಗಿದ ಮಣ್ಣು. ಜೀವಕ್ಕೂ ಅಪಾಯವಿತ್ತು ಎಂಬುದು ಆಮೇಲೆ ಹೊಳೆಯಿತು.

ಮಳೆಗಾಲದ ಹೊತ್ತಿಗೆ ಗೆಳೆಯನೇ ಬಂದ. ಅವನ ಕಂಠ ಸೇರಿಸಿ ಹಾಡನ್ನು ಜೋಡಿಸಿಟ್ಟಿದ್ದೆ. ದೀಪ ಆರಿಸಿ, ಅವನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ ಮೊದಲು ಬರೀ ಗಿಟಾರ್ ಹಾಕಿದೆ, ಫುಲ್ ವಾಲ್ಯೂಮ್. ‘ಸೂಪರ್ ಗುರು’ ಅಂದ. ಎದೆ ಉಬ್ಬಿತು. ಆಮೇಲೆ ಹಾಡು. ಅರ್ಧ ನಿಮಿಷ ಕೇಳಿ, ಕೈಚಾಚಿ ವಾಲ್ಯೂಮನ್ನು ಮಾತಾಡುವ ಮಟ್ಟಕ್ಕೆ ಇಳಿಸಿದ. ‘ಮನೇಲಿ ಜನ ಇಷ್ಟರಲ್ಲೇ ಅಲ್ವಾ ಕೇಳೋದು?’

ಇಳಿಸಿದ ಕ್ಷಣ ನನ್ನ ಗುಡುಗು ಮಾಯ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ ಸಂಗತಿ ಇದು: ಸದ್ದು ಇಳಿದಂತೆ ಮನುಷ್ಯರ ಕಿವಿಗೆ ಮೊದಲು ಕೈಕೊಡುವುದು ಬಾಸ್. ಬಾಸ್ ಹೋಯಿತು, ಮಿಡ್ ಇರಲೇ ಇಲ್ಲ. ಉಳಿದದ್ದು ಟ್ರೆಬಲ್ ಒಂದೇ. ಅದು ಗೆಳೆಯನ ಕಂಠದ ಸಕಾರ ಚಕಾರಗಳ ಮೇಲೆಲ್ಲ ಚರಚರ ಉಜ್ಜುತ್ತಿತ್ತು. ತತ್ವಪದ, ಆದರೆ ಪದವೇ ಕೇಳಿಸುತ್ತಿಲ್ಲ. ಅತ್ತ ಗಿಟಾರ್ ಏನು ನುಡಿಸುತ್ತಿದೆ ಎಂಬುದೂ ಕೇಳಿಸುತ್ತಿಲ್ಲ. ಅವನು ಬಹಳ ಮೆತ್ತಗೆ, ‘ನಾನು ಎಲ್ಲಿದೀನಿ ಇದರಲ್ಲಿ?’ ಅಂದ. ಬೈದಿದ್ದರೆ ವಾಸಿಯಿತ್ತು. ನಾನು ತಕ್ಷಣ ಅವನ ಕಂಠದ ರೆಕಾರ್ಡಿಂಗ್ ಸ್ವಲ್ಪ ವೀಕು ಅಂದೆ. ಹೌದು, ಅಂದೆ. ಅವನು ಕಾಫಿ ಮುಗಿಸಿ, ಲೋಟ ತಾನೇ ಕೆಳಗೆ ಒಯ್ದು ತೊಳೆದಿಟ್ಟು, ಅಮ್ಮನ ಹತ್ತಿರ ಮಾತಾಡಿ ಹೊರಟ.

ನವೆಂಬರಿನಲ್ಲಿ ಆಲ್ಬಮ್ ಬಿಡುಗಡೆಗೆ ಕರೆ ಬಂತು. ಬಸವನಗುಡಿಯ ಸಭಾಂಗಣವೊಂದರಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದೆ. ಆ ಹಾಡು ಬಂತು, ಅದರಲ್ಲಿ ಗಿಟಾರೂ ಇತ್ತು. ನನ್ನದಲ್ಲ. ಕಂಠದ ಕೆಳಗೆ ತೆಳ್ಳಗೆ ಕೂತಿದ್ದ, ಪ್ರತಿ ಸ್ವರವೂ ಕೇಳುವ, ಒಂದಿಷ್ಟೂ ಗುಡುಗಿಲ್ಲದ ಗಿಟಾರ್. ಮೈದಾನದಲ್ಲಿ ಅದನ್ನು ನುಡಿಸಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಾಡಿಗೆ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು. ಕೊನೆಯಲ್ಲಿ ಗೆಳೆಯ ಎಲ್ಲರ ಹೆಸರು ಹೇಳುತ್ತಾ ‘ವಿಶೇಷ ಕೃತಜ್ಞತೆ’ ಅಂದು ನನ್ನ ಹೆಸರನ್ನೂ ಹೇಳಿದ. ಸಭೆ ಚಪ್ಪಾಳೆ ತಟ್ಟಿತು. ಯಾತಕ್ಕೆ ಎಂದು ಆ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ. ಎದ್ದು ಕೈಮುಗಿಯಬೇಕೋ, ಕೂತಲ್ಲೇ ತಲೆ ಅಲ್ಲಾಡಿಸಬೇಕೋ ತಿಳಿಯದೆ ಅರ್ಧ ಎದ್ದೆ. ಹಿಂದಿನ ಸಾಲಿನ ಯಜಮಾನರು ‘ದಾನಿಗಳಾ?’ ಎಂದು ಕೇಳಿದರು.

ಆಚೆ ಕಾಫಿ ಸರದಿಯಲ್ಲಿ ಗಿಟಾರ್ ನುಡಿಸಿದ ಹುಡುಗ ಸಿಕ್ಕಿದ. ಇಂಜಿನಿಯರಿಂಗ್ ಓದುವವನು, ಪಿ.ಜಿ. ವಾಸ. ‘ಯಾವ ಆಂಪ್?’ ಅಂತ ಕೇಳಿದೆ. ‘ಆಂಪ್ ಇಲ್ಲ ಅಂಕಲ್, ಲ್ಯಾಪ್‌ಟಾಪ್‌ನಲ್ಲೇ, ಫ್ರೀ ಸಾಫ್ಟ್‌ವೇರು’ ಅಂದ. ಎರಡು ಏಟು, ಒಂದೇ ವಾಕ್ಯದಲ್ಲಿ. ಲೈನ್ 6 ಕಂಪನಿಯ ಪಾಡ್ ಎಂಬ ಕೆಂಪು ಡಬ್ಬಿ 1998ರಲ್ಲಿ ಬಂದಾಗಿನಿಂದ ಇದು ನಡೆದಿದೆ, ಈಗ ಅದರ ಮೊಮ್ಮಕ್ಕಳು ಬಿಟ್ಟಿ ಸಿಗುತ್ತಾರೆ. ಅವನ್ನು ಹಳಿಯಲು ನನಗೀಗ ಮನಸ್ಸಿಲ್ಲ. ಅಂಥ ಸಾಫ್ಟ್‌ವೇರಿನೊಳಗಿನ ಸ್ಪೀಕರ್ ಸದ್ದನ್ನು ಸಾಮಾನ್ಯವಾಗಿ ಯಾರೋ ಒಬ್ಬರು ನಿಜವಾದ ಸ್ಪೀಕರಿನ ಮುಂದೆ ಮೈಕನ್ನು ಅತ್ತಿತ್ತ ಸರಿಸಿ, ಕೇಳಿ, ಸರಿಯಾದ ಜಾಗದಲ್ಲಿ ನಿಲ್ಲಿಸಿಯೇ ಹಿಡಿದಿರುತ್ತಾರೆ. ನಾನು ಮಾಡದೇ ಹೋದ ಕೆಲಸ ಅದು.

ಆ ಡಿಸೆಂಬರಿನಲ್ಲಿ ಮತ್ತೆ ಅವರೆಕಾಯಿ ಬಂತು. ಗಿಟಾರ್ ಮೇಲೆ ಮುನಿಸು ನನಗೆ, ಒಂದು ಭಾನುವಾರ ಅಮ್ಮನ ಮೊರವನ್ನು ನಾನೇ ಮೇಲೆ ಹೊತ್ತು ತಂದೆ. ಲೂಪ್ ಪೆಡಲಿನಲ್ಲಿ ಹಿಂದಿನ ರಾತ್ರಿ ಹಿಡಿದಿಟ್ಟ ನಾಲ್ಕು ಕಾರ್ಡ್ ಇತ್ತು. ಅದನ್ನು ಆನ್ ಮಾಡಿ ಸುಮ್ಮನೆ ಸುತ್ತಲು ಬಿಟ್ಟು ಅಮ್ಮನ ಪಕ್ಕ ಚಾಪೆಯ ಮೇಲೆ ಕೂತೆ. ನಾಲ್ಕು ಕಾಯಿ ಸುಲಿದಿರಲಿಕ್ಕಿಲ್ಲ, ಕಿವಿಯೊಳಗೆ ಸೂಜಿ ಇಳಿಯಿತು. ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ನೇರ ಎದುರಿಗೆ, ನನ್ನ ಮುಖದ ಮಟ್ಟಕ್ಕೇ ಸ್ಪೀಕರ್. ರೆಕಾರ್ಡಿಂಗಿನಲ್ಲಿ ಕೇಳಿ ಕೇಳಿ ಸಾಕಾಗಿದ್ದ ಅದೇ ಜೀರುಂಡೆ. ಎದ್ದುನಿಂತೆ, ಆಹಾ ಅನ್ನುವ ಗುಡುಗು. ಕೂತೆ, ಜೀರುಂಡೆ. ಇನ್ನೊಮ್ಮೆ ಎದ್ದೆ, ಕೂತೆ. ‘ಏನು ಬಸ್ಕಿ?’ ಅಂದಳು ಅಮ್ಮ.

ದೊಡ್ಡ ಸ್ಪೀಕರಿನಿಂದ ಬಾಸ್ ಎಲ್ಲ ದಿಕ್ಕಿಗೂ ಹರಡುತ್ತದೆ, ಟ್ರೆಬಲ್ ಮಾತ್ರ ನೇರವಾಗಿ, ಇಕ್ಕಟ್ಟಾಗಿ ಮುಂದಕ್ಕೆ ಹೋಗುತ್ತದೆ. ನೆಲದ ಮೇಲಿಟ್ಟ ಆಂಪ್‌ನ ಟ್ರೆಬಲ್ಲೆಲ್ಲ ನಿಂತವನ ಮೊಣಕಾಲಿಗೆ. ಮೊಣಕಾಲಿಗೆ ಕಿವಿ ಇಲ್ಲದ್ದರಿಂದ ನಾನು ಏರಿಸುತ್ತಲೇ ಹೋದೆ. ಮೈಕು ನೆಲಮಟ್ಟದಲ್ಲಿ ನಿಂತು ಅದನ್ನಷ್ಟೂ ನಿಷ್ಠೆಯಿಂದ ಬರೆದುಕೊಂಡಿತು. ಮನೆಯಲ್ಲಿ ಆ ಮೈಕು ಇದ್ದ ಮಟ್ಟದಲ್ಲಿ ಕೂತು ಕೇಳಿದವಳು ಒಬ್ಬಳೇ. ಅವಳು ಹೇಳಿದ್ದಳು, ಪದ ಹಾಕಿ, ಜಾಗ ತೋರಿಸಿ.

ಟ್ರೆಬಲ್ ಮೂರಕ್ಕೆ ಇಳಿಸಿ, ಮಿಡ್ ಆರಕ್ಕೆ ಏರಿಸಿದೆ. ಮೊಬೈಲ್ ಟಾರ್ಚ್ ಹಾಕಿ ಗ್ರಿಲ್ ಬಟ್ಟೆಯ ಹಿಂದಿನ ಕೋನ್ ಎಲ್ಲಿದೆ ಎಂದು ಅವತ್ತೇ ಮೊದಲ ಬಾರಿಗೆ ನೋಡಿದೆ. ನಡುವಿನ ಉಬ್ಬು ಮುಚ್ಚಳದ ಎದುರಿಗೇ ನನ್ನ ಮೈಕು ಮೂಗು ಒತ್ತಿ ನಿಂತಿತ್ತು, ಎಲ್ಲಕ್ಕಿಂತ ಹರಿತವಾದ ಜಾಗ. ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಮುಚ್ಚಳದ ಅಂಚಿನತ್ತ ಸರಿಸಿದೆ. ಅರ್ಧ ಇಂಚಿಗೆ ಸದ್ದು ಬೇರೆಯೇ ಆಯಿತು. ಇನ್ನರ್ಧ ಇಂಚು ಸರಿಸಿದರೆ ಮಂಕು. ಎರಡು ಬೆರಳು ಹಿಂದಕ್ಕೆಳೆದೆ, ತೀರಾ ಹತ್ತಿರದ ಮೈಕು ತಾನಾಗಿ ಸೇರಿಸುವ ಬಾಸ್ ಕೊಂಚ ತಗ್ಗಿತು. ಅಮ್ಮ ಸುಲಿಯುವುದು ಬಿಟ್ಟು ನೋಡುತ್ತಿದ್ದಳು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆ ಇಟ್ಟು, ಕೂದಲಷ್ಟು ಹಿಂದೆ, ಕೂದಲಷ್ಟು ಮುಂದೆ ಮಾಡಿ ನಾದ ಬಿಡುವ ಜಾಗ ಹುಡುಕುವುದನ್ನು ನಾನು ಅವಳ ಮಡಿಲ ಪಕ್ಕ ಕೂತು ನೋಡುತ್ತಲೇ ಬೆಳೆದವನು. ‘ಸೂಜಿ ಹೋಯ್ತಾ?’ ಅಂತ ಕೇಳಿದೆ. ‘ಹೋಯ್ತು. ಅದೇ ನಾಲ್ಕನ್ನ ಇನ್ನೂ ಎಷ್ಟು ಸಲ ಹಾಕ್ತೀಯ?’ ಅಂದಳು.

ಟ್ರೇಗಳನ್ನು ಕಿತ್ತೆ. ಮೂಲೆಗಳಲ್ಲಿ ಹಳೇ ಹತ್ತಿ ಹಾಸಿಗೆಗಳನ್ನು ಸುರುಳಿ ಸುತ್ತಿ ನಿಲ್ಲಿಸಿದೆ. ಐದನೇ ತಂತಿ ಸ್ವಲ್ಪ ಶಾಂತವಾಗಿದೆ, ಪೂರ್ತಿಯಲ್ಲ. ಮೇಸ್ತ್ರಿಯ ಲೆಕ್ಕ ಹಾಸಿಗೆಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಯುಗಾದಿ ಮುಗಿದ ಮೇಲೆ ಗೆಳೆಯ ಇನ್ನೊಂದು ಹಾಡು ಕಳಿಸಿದ. ‘ಶುಕ್ರವಾರ ಬೇಕು. ಶುಕ್ರವಾರ ಅಂದ್ರೆ ಶುಕ್ರವಾರ’ ಅಂದ. ಗುರುವಾರ ರಾತ್ರಿಯೇ ಕಳಿಸಿದೆ, ಅವನ ಕಂಠ ಹಾಕಿಕೊಂಡು, ನೆಲದ ಮೇಲೆ ಕೂತು ನುಡಿಸಿ. ಮಿಕ್ಸ್ ಆಗಿ ಬಂದದ್ದನ್ನು ಕೇಳಿದರೆ ಗಿಟಾರ್ ಹಾಡಿನ ಹಿಂದೆಲ್ಲೋ ಇದೆ, ಇರುವುದು ಗೊತ್ತಾಗುತ್ತದೆ, ಅಷ್ಟೇ. ಹಾಡಿಗೆ ಅದು ಸರಿಯೆಂದು ನನಗೂ ಗೊತ್ತು. ಆದರೂ ಫೋನ್ ಮಾಡಿ, ‘ಒಂದೇ ಒಂದು ಡೆಸಿಬಲ್ ಜಾಸ್ತಿ ಮಾಡು ಗುರು’ ಅಂದೆ. ‘ನೋಡೋಣ’ ಅಂದ. ಮಾಡಲಿಲ್ಲ.